ಐದು ರೂಪಾಯಿಯ ಇಡ್ಲಿ, ಹತ್ತು ರೂಪಾಯಿಯ ಅನ್ನ: ಇಂದಿರಾ ಕ್ಯಾಂಟೀನಿನ ತಟ್ಟೆಯನ್ನು ತೂಗಿ ನೋಡಿದರೆ

ಸರ್ಕಾರದ ಯಾವ ಸವಲತ್ತು ಬೇಕೆಂದರೂ ಮೊದಲು ಹುಡುಕಬೇಕಾದ್ದು ಜೆರಾಕ್ಸ್ ಅಂಗಡಿಯನ್ನು. ರೇಷನ್ ಕಾರ್ಡು, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಕೊನೆಗೊಂದು ಒಟಿಪಿ. ಇಂದಿರಾ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿಗೆ ಬೇಕಾದ್ದು ಐದರ ಒಂದು ನಾಣ್ಯ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, ಸಂಬಳ ಎಷ್ಟೆಂದು ಕೇಳುವುದಿಲ್ಲ. ಟೋಕನ್ ಕೊಡುತ್ತಾರೆ, ತಟ್ಟೆ ಬರುತ್ತದೆ. ಇಲ್ಲಿಯ ಸಾಂಬಾರಿನ ಬಗ್ಗೆ, ನಿಂತುಕೊಂಡು ತಿನ್ನುವ ಮೇಜಿನ ಬಗ್ಗೆ ಮುಂದೆ ಬೇಕಾದಷ್ಟು ದೂರಿದೆ. ಆದರೆ ಈ 'ಕೇಳದಿರುವಿಕೆ' ಮೆನು ಬೋರ್ಡಿನಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಐಟಂ ಎಂಬುದನ್ನು ಮೊದಲೇ ಹೇಳಿಬಿಡಬೇಕು. ದೇಶದ ರಾಜಕಾರಣದಲ್ಲಿ ಕರುಣೆ ಎಷ್ಟಿದೆ ಎಂದು ಭಾಷಣ ಕೇಳಿ ಅಳೆಯುವುದು ಕಷ್ಟ. ಒಂದು ಕೌಂಟರಿನ ಮುಂದೆ ಮೂರು ಹೊತ್ತು ನಿಂತರೆ ಅಳತೆ ಸುಲಭ.

ಗೊತ್ತಿಲ್ಲದವರಿಗೆ ಎರಡು ಮಾತು. 2017ರ ಮಾರ್ಚ್ ಬಜೆಟ್ಟಿನಲ್ಲಿ ಸಿದ್ದರಾಮಯ್ಯ ಸರ್ಕಾರ ಬೆಂಗಳೂರಿನ 198 ವಾರ್ಡುಗಳಿಗೆ 'ನಮ್ಮ ಕ್ಯಾಂಟೀನ್' ಎಂದು ಘೋಷಿಸಿ 100 ಕೋಟಿ ರೂಪಾಯಿ ಇಟ್ಟಿತು. ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ರಾಹುಲ್ ಗಾಂಧಿ ಉದ್ಘಾಟಿಸುವ ಹೊತ್ತಿಗೆ ಹೆಸರು ಇಂದಿರಾ ಆಗಿತ್ತು. ಮೊದಲ ಕಂತಿನಲ್ಲಿ 101 ಕ್ಯಾಂಟೀನು; ಆಮೇಲೆ 174 ಕಟ್ಟಡ, ಜಾಗ ಸಿಗದ 24 ವಾರ್ಡಿಗೆ ಸಂಚಾರಿ ವಾಹನ. ಬಳಿಕ ಬೇರೆ ಜಿಲ್ಲೆ, ತಾಲ್ಲೂಕು ಕೇಂದ್ರಗಳಿಗೂ ಹೋಯಿತು. ತಿಂಡಿ 5, ಮಧ್ಯಾಹ್ನದ ಊಟ 10, ರಾತ್ರಿ 10. ದಿನಕ್ಕೆ 25 ರೂಪಾಯಿ ತಿನ್ನುವವರದು, ಉಳಿದ ಖರ್ಚು ಸ್ಥಳೀಯ ಸಂಸ್ಥೆ ಮತ್ತು ಸರ್ಕಾರದ್ದು. 2023ರಲ್ಲಿ ಮೆನು ಬದಲಾದಾಗಲೂ ಈ ಬೆಲೆಯನ್ನು ಮುಟ್ಟಲಿಲ್ಲ.

ಮೊದಲು ತಿಂಡಿ, ಏಕೆಂದರೆ ಇಲ್ಲಿಯ ಮೂರು ಹೊತ್ತಿನಲ್ಲಿ ತಿಂಡಿಯೇ ವಾಸಿ. ಏಳೂವರೆ ಸುಮಾರಿಗೆ ಶುರು. ಮೊದಲ ಅರ್ಧ ಗಂಟೆಯಲ್ಲಿ ಹೋದವರಿಗೂ ಒಂಬತ್ತೂವರೆಗೆ ಹೋದವರಿಗೂ ಸಿಗುವ ಇಡ್ಲಿ ಒಂದೇ ಅಲ್ಲ. ಅದಕ್ಕೆ ಕಾರಣ ಅಡುಗೆಯವರ ಸೋಮಾರಿತನವಲ್ಲ, ಪಯಣ. ಇಲ್ಲಿ ಅಡುಗೆ ಕ್ಯಾಂಟೀನಿನಲ್ಲಿ ಆಗುವುದಿಲ್ಲ. ವಿಧಾನಸಭಾ ಕ್ಷೇತ್ರಕ್ಕೊಂದು ದೊಡ್ಡ ಅಡುಗೆಮನೆ ಎಂಬ ಲೆಕ್ಕದಲ್ಲಿ ಯೋಜನೆ ಶುರುವಾಯಿತು. ಎಲ್ಲ ಕಡೆ ಜಾಗ ಸಿಗದೆ ಕೆಲವು ಅಡುಗೆಮನೆಗಳು ಪಕ್ಕದ ಕ್ಷೇತ್ರಕ್ಕೂ ಬೇಯಿಸುತ್ತವೆ. ಏಳೂವರೆಗೆ ತಟ್ಟೆಗೆ ಬೀಳಬೇಕಾದ ಇಡ್ಲಿ ಬೆಳಗಿನ ಜಾವವೇ ಬೆಂದು, ಸ್ಟೀಲಿನ ಬಿಸಿ ಡಬ್ಬಿಗೆ ಸೇರಿ, ವ್ಯಾನು ಹತ್ತಿ, ಮೂರು ನಾಲ್ಕು ಕ್ಯಾಂಟೀನು ಸುತ್ತಿ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಇಡ್ಲಿಯ ಮೇಲೇ ತೊಟ್ಟಿಕ್ಕುತ್ತದೆ. ಮೇಲಿನ ಸಾಲು ಒದ್ದೆ, ನಡುವಿನದು ಸರಿ, ಅಡಿಯದು ಭಾರಕ್ಕೆ ಚಪ್ಪಟೆ. ಡಬ್ಬಿಗೆ ಹಾಕುವ ಮೊದಲು ಮೂರು ನಾಲ್ಕು ನಿಮಿಷ ಹಬೆ ಹೋಗಲು ಬಿಟ್ಟು, ಪ್ರತಿ ಎರಡು ಸಾಲಿಗೊಂದು ಒಣಗಿದ ಬಿಳಿ ಬಟ್ಟೆ ಹಾಕಿದರೆ ಇದು ಬಹುಪಾಲು ತಪ್ಪುತ್ತದೆ. ಮದುವೆ ಅಡುಗೆಯ ಭಟ್ಟರೆಲ್ಲರಿಗೂ ಗೊತ್ತಿರುವ ಕೆಲಸ. ಬಟ್ಟೆ ಒಗೆಯಲು ಒಬ್ಬ ಆಳು ಬೇಕು, ಟೆಂಡರಿನ ಲೆಕ್ಕದಲ್ಲಿ ಆ ಆಳು ಇರುವುದಿಲ್ಲ.

ಖಾರಾಬಾತ್ ದಿನ ಇನ್ನೂ ಬೇಗ ಹೋಗಿ. ರವೆ ಡಬ್ಬಿಯೊಳಗೂ ನೀರು ಕುಡಿಯುತ್ತಲೇ ಇರುತ್ತದೆ. ಮನೆಯ ಅಳತೆಯಲ್ಲಿ ಒಂದಕ್ಕೆ ಎರಡೂವರೆ ನೀರು ಸಾಕು. ಎರಡು ಗಂಟೆ ಡಬ್ಬಿಯಲ್ಲಿ ಕೂರುವ ಬಾತಿಗೆ ಒಂದಕ್ಕೆ ಮೂರಕ್ಕಿಂತ ಕಡಿಮೆಯಾದರೆ ಸೌಟಿನಲ್ಲಿ ಇಟ್ಟಿಗೆಯಂತೆ ಏಳುತ್ತದೆ. ಪೊಂಗಲ್ಲಿನದೂ ಹೆಚ್ಚುಕಡಿಮೆ ಇದೇ ಕಥೆ. ಪುಳಿಯೋಗರೆ, ಚಿತ್ರಾನ್ನ ಮಾತ್ರ ಪಯಣಕ್ಕೆ ಹೇಳಿ ಮಾಡಿಸಿದವು. ಹುಣಿಸೆ, ನಿಂಬೆಯ ಹುಳಿ ಮತ್ತು ಎಣ್ಣೆ ಅನ್ನವನ್ನು ಕಾಯುತ್ತವೆ. ತಡವಾಗಿ ಬರುವವರು ಆ ದಿನಗಳನ್ನು ನೋಡಿಕೊಳ್ಳುವುದು ಕ್ಷೇಮ. ಚಟ್ನಿ ತೆಳ್ಳಗೆ, ಹುರಿಗಡಲೆ ಮುಂದಾಗಿ ಇರುತ್ತದೆಂದು ಬೈಯುವವರಿದ್ದಾರೆ. ಬೈಯಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಬರೀ ತೆಂಗಿನಕಾಯಿ ಚಟ್ನಿ ಮೂರು ಗಂಟೆಯಲ್ಲಿ ಹುಳಿ ವಾಸನೆಗೆ ತಿರುಗುತ್ತದೆ. ಹುರಿಗಡಲೆ ಇಲ್ಲಿ ಜಿಪುಣತನದ ಗುರುತಲ್ಲ.

ಮಧ್ಯಾಹ್ನದ ಊಟಕ್ಕೆ ಬಂದರೆ ತಕ್ಕಡಿ ತೆಗೆಯಬೇಕಾಗುತ್ತದೆ. ತಟ್ಟೆಗೆ 300 ಗ್ರಾಂ ಬೆಂದ ಅನ್ನ, 150 ಗ್ರಾಂ ಸಾಂಬಾರು, 100 ಗ್ರಾಂ ಮೊಸರನ್ನ ಬಿತ್ತೆಂದು ಇಟ್ಟುಕೊಳ್ಳಿ. ಅಕ್ಕಿ ಬೆಂದಾಗ ಎರಡೂವರೆ ಪಟ್ಟಿನ ಮೇಲೆ ತೂಗುತ್ತದೆ, ಅಂದರೆ 300 ಗ್ರಾಂ ಅನ್ನದ ಹಿಂದೆ 115 ಗ್ರಾಂ ಆಸುಪಾಸಿನ ಅಕ್ಕಿ. ಶಕ್ತಿಯ ಲೆಕ್ಕದಲ್ಲಿ ಅನ್ನಕ್ಕೆ 390 ಕಿಲೊಕ್ಯಾಲರಿ, ಸಾಂಬಾರಿಗೆ 80-90, ಮೊಸರನ್ನಕ್ಕೆ 120. ಎಲ್ಲ ಸೇರಿ 600. ಬೆಳಗಿನ ಮೂರು ಇಡ್ಲಿ-ಚಟ್ನಿಗೆ 280 ಎಂದರೂ, ರಾತ್ರಿ ಮತ್ತೆ 600 ಸೇರಿಸಿದರೂ, 25 ರೂಪಾಯಿಯಲ್ಲಿ ದಿನಕ್ಕೆ 1,500ರ ಒಳಗೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ಸಾಧಾರಣ ದುಡಿಮೆಯ ಗಂಡಸಿಗೆ ದಿನಕ್ಕೆ 2,710, ಭಾರಿ ದುಡಿಮೆಯವನಿಗೆ 3,470 ಬೇಕು. ಹೆಂಗಸಿಗೆ 2,130 ಮತ್ತು 2,720. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲಿ ಮೂರು ಹೊತ್ತೂ ಇಲ್ಲೇ ತಿಂದರೆ ಬೇಕಾದ್ದರ ಅರ್ಧವೂ ಹೊಟ್ಟೆಗೆ ಬೀಳುವುದಿಲ್ಲ. ಆತ ಮಧ್ಯಾಹ್ನ ಎರಡು ಟೋಕನ್ ತೆಗೆದುಕೊಳ್ಳುವುದನ್ನು ಆಸೆಬುರುಕತನ ಎನ್ನುವವರು ಈ ಲೆಕ್ಕ ನೋಡಬೇಕು. ಒಬ್ಬರಿಗೆ ಒಂದೇ ಟೋಕನ್ ಎಂಬ ನಿಯಮ ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಮೂಟೆ ಹೊರುವ ಬೆನ್ನಿನ ಮೇಲೆ ಹಾಗೆ ಕಾಣುವುದಿಲ್ಲ. ಸಾಲು ಕರಗಿದ ಮೇಲೆ ಎರಡನೆಯ ಟೋಕನ್ ಕೊಡುವ ಪದ್ಧತಿ ಇದ್ದರೆ ಎರಡೂ ಕಡೆಗೆ ನ್ಯಾಯ ಸಿಗುತ್ತದೆ.

ಪ್ರೋಟೀನ್ ಇನ್ನೂ ಸೋತ ಜಾಗ. ಈ ಊಟದಲ್ಲಿ ಅನ್ನದಿಂದ 9 ಗ್ರಾಂ, ಸಾಂಬಾರಿನಲ್ಲಿ 15 ಗ್ರಾಂ ಬೇಳೆ ಇದ್ದರೆ 3 ಗ್ರಾಂ ಚಿಲ್ಲರೆ, ಮೊಸರನ್ನದಿಂದ 3. ಸುಮಾರು 15. ಅರವತ್ತೈದು ಕಿಲೊ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು. ಒಂದು ಬೇಯಿಸಿದ ಮೊಟ್ಟೆ ಸೇರಿಸಿದರೆ ಒಂದೇ ಏಟಿಗೆ 6 ಗ್ರಾಂ ಏರುತ್ತದೆ. ಮೊಟ್ಟೆ ಎಂದ ತಕ್ಷಣ ಈ ರಾಜ್ಯದಲ್ಲಿ ಏನಾಗುತ್ತದೆಂಬುದು 2021ರಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಎಲ್ಲರೂ ನೋಡಿದ್ದೇ. ಗಲಾಟೆ ಬೇಡವೆಂದರೆ ಬೆಂದ ಹೆಸರುಕಾಳಿನ ಉಸಲಿ 50 ಗ್ರಾಂ ಆದರೂ ಹಾಕಬಹುದು, ಅದಕ್ಕೆ ಯಾವ ಸ್ವಾಮಿಗಳ ಅಡ್ಡಿಯೂ ಇರಲಾರದು. 2023ರ ಪರಿಷ್ಕರಣೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು, ಚಪಾತಿ, ಮಂಗಳೂರು ಬನ್ಸ್, ಬ್ರೆಡ್-ಜಾಮ್, ಪಾಯಸದ ಹೆಸರು ಪಟ್ಟಿಗೆ ಸೇರಿದವು. ಬ್ರೆಡ್-ಜಾಮ್ ಯಾರ ಹಸಿವನ್ನು ನೋಡಿ ಬಂತೋ ತಿಳಿಯದು. ಮುದ್ದೆ ಸರಿಯಾದ ಯೋಚನೆ, ಆದರೆ ಮುದ್ದೆಗೂ ವ್ಯಾನಿಗೂ ಆಗಿಬರುವುದಿಲ್ಲ. ಕಟ್ಟಿದ ಅರ್ಧ ಗಂಟೆಗೆ ಮೇಲೆ ಸಿಪ್ಪೆ ಕಟ್ಟುತ್ತದೆ, ಒಂದು ಗಂಟೆಗೆ ಒಳಗೂ ಬಿಗಿಯುತ್ತದೆ, ಆಮೇಲೆ ನುಂಗುವ ಮಾತೇ ಇಲ್ಲ, ಅಗಿಯಬೇಕು. ಕ್ಯಾಂಟೀನಿನಲ್ಲೇ ಒಂದು ಒಲೆ, ಒಂದು ಹಂಡೆ, ತೊಳಸುವ ಕೋಲು ಇದ್ದು ಹಿಟ್ಟು ಮಾತ್ರ ಅಡುಗೆಮನೆಯಿಂದ ಬಂದರೆ ಅದು ನಡೆಯುತ್ತದೆ.

ಸಾಂಬಾರನ್ನು ನಂಬಬೇಡಿ, ಕಲಕಿಸಿ. ಬೇಳೆ ತಳಕ್ಕೆ ಇಳಿಯುತ್ತದೆ, ಬಡಿಸುವವರು ಅವಸರದಲ್ಲಿ ಮೇಲಿನದನ್ನೇ ತೋಡುತ್ತಾರೆ. ಮೊದಲ ಐವತ್ತು ಜನಕ್ಕೆ ತಿಳಿ, ಕೊನೆಯ ಇಪ್ಪತ್ತು ಜನಕ್ಕೆ ಗಟ್ಟಿ. "ಅಕ್ಕ, ಒಂದ್ಸಲ ಅಡಿಯಿಂದ ತಿರುವಿ ಹಾಕಿ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅನ್ನವೂ ಹಾಗೆಯೇ: ಅದೇ ಬಟ್ಟಲಿನಲ್ಲಿ ಒತ್ತಿ ಮಟ್ಟಮಾಡಿದರೆ 300 ಗ್ರಾಂ, ಸಡಿಲವಾಗಿ ಎತ್ತಿದರೆ 220. ಎಂಬತ್ತು ಗ್ರಾಮಿನ ವ್ಯತ್ಯಾಸ ಕೈಯ ಒಂದು ತಿರುವಿನಲ್ಲಿ ಆಗಿಹೋಗುತ್ತದೆ. ಮೊಸರನ್ನ ಎರಡು ಗಂಟೆಯ ಹೊತ್ತಿಗೆ ಹುಳಿಯಾಗಿದ್ದರೆ ಅನ್ನ ಬಿಸಿಯಾಗಿರುವಾಗಲೇ ಮೊಸರು ಬಿದ್ದಿದೆ ಎಂದು ತಿಳಿಯಿರಿ. ಆರಿದ ಅನ್ನಕ್ಕೆ ಹಾಲು ಮುಂದು, ಮೊಸರು ಹಿಂದು ಮಾಡಿ ಕಲಸಿದರೆ ಸಂಜೆವರೆಗೂ ಸಿಹಿಯಾಗಿಯೇ ಇರುತ್ತದೆ. ಇನ್ನು ಅನ್ನ ಉಗುರುಬೆಚ್ಚಗಿದ್ದರೆ ಅದು ರುಚಿಯ ಪ್ರಶ್ನೆ ಮಾತ್ರ ಅಲ್ಲ. ಬೆಂದ ಅನ್ನ 60 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಕುಳಿತರೆ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿ ಬೆಳೆಯುತ್ತದೆ, ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪ್ರತಿ ಕ್ಯಾಂಟೀನಿನಲ್ಲಿ ಒಂದು ಕಡ್ಡಿ ಥರ್ಮಾಮೀಟರು, ಡಬ್ಬಿ ಬಂದಾಗ ಒಮ್ಮೆ ಮತ್ತು ಒಂದು ಗಂಟೆಗೆ ಒಮ್ಮೆ ಬರೆದಿಡುವ ಪುಸ್ತಕ, ಇಷ್ಟು ಇದ್ದರೆ ಸಾಕು.

ರಾತ್ರಿಯ ಊಟವನ್ನು ಬೇಗ ಮುಗಿಸೋಣ. ಹೊತ್ತು ಕಡಿಮೆ, ಬಂದದ್ದು ಬೇಗ ಖಾಲಿ, ಸಾಲಿನಲ್ಲಿ ಹೆಂಗಸರು ತೀರ ಕಡಿಮೆ. ಬೆಳಕಿಲ್ಲದ ರಸ್ತೆ ಬದಿ, ಕುಡಿದು ಬಂದವರ ನೂಕಾಟ, ಹತ್ತಿರದಲ್ಲಿ ಶೌಚಾಲಯವಿಲ್ಲ. ಗಾರ್ಮೆಂಟ್ಸ್ ಬಿಟ್ಟು ಬರುವ ಹೆಣ್ಣುಮಗಳು ಹತ್ತು ರೂಪಾಯಿಯ ಊಟ ಬಿಟ್ಟು ಮನೆಗೆ ಹೋಗಿ ಒಲೆ ಹಚ್ಚುತ್ತಾಳೆ. ಒಂದು ದೊಡ್ಡ ಬಲ್ಬು ಮತ್ತು ಹೆಂಗಸರಿಗೊಂದು ಪ್ರತ್ಯೇಕ ಸಾಲು ಇದನ್ನು ಅರ್ಧಕ್ಕರ್ಧ ಸರಿಮಾಡುತ್ತವೆ.

ಈಗ ಕೌಂಟರು. ಎರಡು ಗಂಟೆಯಲ್ಲಿ 500 ತಟ್ಟೆ ಹೋಗಬೇಕೆಂದರೆ 14 ಸೆಕೆಂಡಿಗೊಂದು ಟೋಕನ್. ಐದರ ನಾಣ್ಯ ಕೊಟ್ಟವನಿಗೆ ನಾಲ್ಕು ಸೆಕೆಂಡು ಸಾಕು. ಐವತ್ತರ ನೋಟು ಕೊಟ್ಟರೆ ಚಿಲ್ಲರೆ ಹುಡುಕಾಟ, ಮೊಬೈಲಿನಲ್ಲಿ ಕೊಟ್ಟರೆ 'ಬಂತಾ, ಬಂದಿಲ್ವಾ' ಎಂಬ ಮುಖ ನೋಡಾಟ, ಇಪ್ಪತ್ತು ಸೆಕೆಂಡು ಹೋಯಿತು. ಹಿಂದಿನವರ ಹಸಿವು ಕೋಪವಾಗುವುದು ಇಲ್ಲೇ. ಚಿಲ್ಲರೆ ಹಿಡಿದು ಹೋಗುವುದು ಇಲ್ಲಿ ಸಾಲಿನಲ್ಲಿರುವ ಉಳಿದವರಿಗೆ ಮಾಡುವ ಉಪಕಾರ. ಸಿಬ್ಬಂದಿಯ ಬಾಯಿಯೂ ತಟ್ಟೆಯ ಭಾಗವೇ. "ಬಾ ತಾತ, ನಿಧಾನ" ಎನ್ನುವ ಕೌಂಟರೂ ಇದೆ, "ಏಯ್, ಮುಂದೆ ಹೋಗೋ" ಎನ್ನುವ ಕೌಂಟರೂ ಇದೆ. ಮೆನು ಎರಡರಲ್ಲೂ ಒಂದೇ. ಬೆಳಗ್ಗೆ ಆರೂವರೆಗೆ ಬಂದು ರಾತ್ರಿ ಒಂಬತ್ತಕ್ಕೆ ಹೋಗುವ, ಸಂಬಳ ತಡವಾಗಿ ಬರುವ ಹುಡುಗನ ಬಾಯಲ್ಲಿ ಮೃದು ಮಾತು ನಿರೀಕ್ಷಿಸುವುದೂ ಕಷ್ಟ. ಎರಡು ಪಾಳಿ ಮಾಡಬೇಕು. ಕರುಣೆಯನ್ನು ತರಬೇತಿಯಲ್ಲಿ ಕಲಿಸುವ ಮೊದಲು ಹಾಜರಿ ಪುಸ್ತಕದಲ್ಲಿ ತೋರಿಸಬೇಕು.

ನಿಂತು ತಿನ್ನುವ ಎತ್ತರದ ಮೇಜು ಈ ಕ್ಯಾಂಟೀನುಗಳ ವಿನ್ಯಾಸದಲ್ಲೇ ಇರುವ ದೋಷ. ಜನ ಬೇಗ ತಿಂದು ಜಾಗ ಬಿಡಲಿ ಎಂಬುದು ದರ್ಶಿನಿ ಹೋಟೆಲಿನ ಲೆಕ್ಕಾಚಾರ. ದರ್ಶಿನಿಗೆ ಬರುವವನು ಆಫೀಸಿನ ಕುರ್ಚಿಯಿಂದ ಎದ್ದು ಬರುತ್ತಾನೆ. ಇಲ್ಲಿಗೆ ಬರುವವರು ಬೆಳಗಿನಿಂದ ಪೊರಕೆ ಹಿಡಿದ ಪೌರಕಾರ್ಮಿಕರು, ತಲೆಯ ಮೇಲೆ ಬುಟ್ಟಿ ಹೊತ್ತವರು, ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕಳೆದ ರೋಗಿಯ ಕಡೆಯವರು, ತುಂಬು ಗರ್ಭಿಣಿಯರು. ಹಿಂಗೋಡೆಗೆ ಅಂಟಿಸಿ ಆರು ಜನ ಕೂರುವ ಕಲ್ಲುಬೆಂಚು ಹಾಕಿದರೆ ಸಾಲಿನ ವೇಗವೇನೂ ತಗ್ಗುವುದಿಲ್ಲ. ಕೈ ತೊಳೆಯುವ ನಲ್ಲಿಯೂ ಮಕ್ಕಳಿಗೆ ಎಟುಕದ ಎತ್ತರದಲ್ಲಿರುತ್ತದೆ.

'ಕಾರಿನಲ್ಲಿ ಬಂದವರೂ ತಿಂತಾರೆ, ಸಾಫ್ಟ್‌ವೇರ್ ಹುಡುಗರೂ ಬರ್ತಾರೆ' ಎಂಬ ದೂರು ಯಾವಾಗಲೂ ಇದೆ. ಬರಲಿ. ಬಡವರಿಗೆ ಮಾತ್ರ ಎಂದು ಬೋರ್ಡು ಬಿದ್ದ ದಿನ ಆ ಜಾಗಕ್ಕೆ ಹೋಗುವುದು ಅವಮಾನವಾಗುತ್ತದೆ, ಆಮೇಲೆ ನಿಜಕ್ಕೂ ಹಸಿದವನು ಮೊದಲು ಹಿಂಜರಿಯುತ್ತಾನೆ. ದೂರು ಕೊಡಲು ಬರುವ, ಕೊಟ್ಟರೆ ಕೇಳಿಸಿಕೊಳ್ಳುವ ನಾಲ್ಕು ಜನ ಅದೇ ಸಾಲಿನಲ್ಲಿ ನಿಂತಿದ್ದರೆ ಸಾಂಬಾರು ಗಟ್ಟಿಯಾಗಿಯೇ ಇರುತ್ತದೆ. ಅಲ್ಲದೆ ಕಾರಿನವನನ್ನು ಬೇರ್ಪಡಿಸಲು ಕಾರ್ಡು, ಯಂತ್ರ, ಅದನ್ನು ನೋಡುವ ಒಬ್ಬ ನೌಕರ ಬೇಕು. ಆ ಖರ್ಚಿನಲ್ಲಿ ಎಷ್ಟು ತಟ್ಟೆ ಬಡಿಸಬಹುದೆಂದು ಲೆಕ್ಕ ಹಾಕಿ ನೋಡಿ.

ಇದರ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ತಟ್ಟೆಗಿಷ್ಟು ಎಂದು ಗುತ್ತಿಗೆದಾರರಿಗೆ ಹಣ ಕೊಡುವ ಯಾವ ಪದ್ಧತಿಯಲ್ಲೂ ತಟ್ಟೆಯ ಸಂಖ್ಯೆ ಊದಿಕೊಳ್ಳುತ್ತದೆ. 280 ಜನ ತಿಂದರೆ 450 ಎಂದು ಬರೆಯುವ ಆಸೆ ಹುಟ್ಟುವುದು ಅಲ್ಲಿಯೇ. ಇದನ್ನು ತಡೆಯಲು ಸರ್ಕಾರಗಳಿಗೆ ತಟ್ಟನೆ ಹೊಳೆಯುವುದು ತಿನ್ನುವವನ ಗುರುತು ಹಿಡಿಯುವುದು. ರಾಜಸ್ಥಾನ ಸರ್ಕಾರದ ಅಗ್ಗದ ಊಟದ ಮನೆಗಳಾದ 'ರಸೋಯಿ'ಗಳಲ್ಲಿ ಟೋಕನ್ ಕೊಡುವಾಗ ಫೋಟೊ ತೆಗೆದು ಮೊಬೈಲ್ ಸಂಖ್ಯೆ ಬರೆದುಕೊಳ್ಳುವ ವ್ಯವಸ್ಥೆ ಮಾಡಿದರು. ಕದ್ದವನು ಗುತ್ತಿಗೆದಾರ, ಫೋಟೊ ಹಸಿದವನದು. ಮೊಬೈಲೇ ಇಲ್ಲದವನ ಗತಿ ಕೇಳುವವರಿಲ್ಲ. ಯಾರ ಮುಖವನ್ನೂ ನೋಡದೆ ಕಳ್ಳತನ ಹಿಡಿಯಬಹುದು. 500 ತಟ್ಟೆ ಎಂದರೆ ಅಕ್ಕಿ 57 ಕಿಲೊ ಚಿಲ್ಲರೆ; ಅಡುಗೆಮನೆಯ ಮೂಟೆ ಲೆಕ್ಕ ಅದಕ್ಕೆ ಹೊಂದಬೇಕು. ಡಬ್ಬಿಯನ್ನು ಇಳಿಸುವಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿದರೆ ನಡುವಿನ ವ್ಯತ್ಯಾಸವನ್ನು 300 ಗ್ರಾಮಿನಿಂದ ಭಾಗಿಸಿದಾಗ ಜನರ ಸಂಖ್ಯೆ ಬರುತ್ತದೆ. ಟೋಕನ್ನಿಗೆ ಕ್ರಮಸಂಖ್ಯೆ ಇದ್ದರೆ ಮೂರನೆಯ ತಾಳೆ. ಮೂರೂ ಶೇಕಡಾ ಐದರ ಒಳಗೆ ಹೊಂದದಿದ್ದರೆ ಬಿಲ್ ತಡೆಯಿರಿ, ಊಟವನ್ನಲ್ಲ.

ಬಿಲ್ ತಡೆಯುವುದರ ಬಗ್ಗೆ ಇನ್ನೂ ಒಂದು ಮಾತಿದೆ. ಹಣ ತಡವಾದಾಗ ಕ್ಯಾಂಟೀನು ಒಂದೇ ದಿನ ಮುಚ್ಚುವುದಿಲ್ಲ, ಹಂತ ಹಂತವಾಗಿ ಸೊರಗುತ್ತದೆ. ಮೊದಲು ಬೇಳೆ ತೆಳ್ಳಗಾಗುತ್ತದೆ. ಆಮೇಲೆ ತರಕಾರಿಯಲ್ಲಿ ಸೋರೆ, ಸೀಮೆಬದನೆ ಬಿಟ್ಟು ಬೇರೆ ಕಾಣುವುದಿಲ್ಲ. ಒಗ್ಗರಣೆಯ ಎಣ್ಣೆ ಹೋಗುತ್ತದೆ. ಬಡಿಸುವ ಮೂವರಲ್ಲಿ ಒಬ್ಬರು ಬಿಡುತ್ತಾರೆ, ತಟ್ಟೆ ತೊಳೆಯುವುದು ಕೆಡುತ್ತದೆ. ನೀರಿನ, ಕರೆಂಟಿನ ಬಿಲ್ ನಿಂತು ರಾತ್ರಿ ಊಟ ನಿಲ್ಲುತ್ತದೆ. ಕೊನೆಗೆ ಶಟರು. 2019ರಿಂದ 2023ರ ನಡುವೆ ಬೆಂಗಳೂರಿನ ಎಷ್ಟೋ ಕ್ಯಾಂಟೀನುಗಳು ಹೀಗೇ ಸೊರಗಿದವು. ಯೋಜನೆಯನ್ನು ರದ್ದು ಮಾಡಿದ್ದೇವೆಂದು ಯಾರೂ ಹೇಳಲಿಲ್ಲ, ಹಣ ಬಿಡುಗಡೆ ಮಾಡುವ ಜವಾಬ್ದಾರಿ ರಾಜ್ಯದ್ದೋ ಪಾಲಿಕೆಯದ್ದೋ ಎಂಬ ಚರ್ಚೆ ನಡೆಯುತ್ತಿತ್ತು. ಆ ನಡುವೆಯೂ 2021ರ ಲಾಕ್‌ಡೌನಿನಲ್ಲಿ ಇದೇ ಕ್ಯಾಂಟೀನುಗಳಿಂದ ಉಚಿತ ಊಟ ಹಂಚಬೇಕಾಗಿ ಬಂದದ್ದು ಗಮನಿಸಬೇಕಾದ ಸಂಗತಿ. ಬೇರೆ ಪಕ್ಷ ಕಟ್ಟಿದ ಒಲೆ ಆಗ ಯಾರಿಗೂ ಅಪಥ್ಯವಾಗಲಿಲ್ಲ. ಅದೇ ವರ್ಷ ಕ್ಯಾಂಟೀನಿಗೆ ಅನ್ನಪೂರ್ಣೇಶ್ವರಿಯ ಹೆಸರಿಡಬೇಕೆಂಬ ಒತ್ತಾಯವೂ ಎದ್ದಿತು.

ಹೆಸರಿನ ಜಗಳದಲ್ಲಿ ಬೇರೆ ರಾಜ್ಯಗಳ ತಟ್ಟೆ ಏನು ಹೇಳುತ್ತದೆ ನೋಡಿ. ಆಂಧ್ರದಲ್ಲಿ 2018ರ ಜುಲೈಯಲ್ಲಿ ಚಂದ್ರಬಾಬು ನಾಯ್ಡು ತೆರೆದ 'ಅಣ್ಣಾ ಕ್ಯಾಂಟೀನು'ಗಳು ಹೊತ್ತಿಗೆ 5 ರೂಪಾಯಿಯಂತೆ ಊಟ ಕೊಡುತ್ತಿದ್ದವು. ಮರುವರ್ಷ ಸರ್ಕಾರ ಬದಲಾದ ಬೆನ್ನಲ್ಲೇ ಮುಚ್ಚಿದವು, ಮತ್ತೆ ತೆರೆದದ್ದು 2024ರ ಆಗಸ್ಟಿನಲ್ಲಿ, ಅದೇ ನಾಯ್ಡು ಅಧಿಕಾರಕ್ಕೆ ಮರಳಿದ ಮೇಲೆ. ನಡುವಿನ ಐದು ವರ್ಷ ಹಸಿವೇನೂ ರಜೆಯ ಮೇಲೆ ಹೋಗಿರಲಿಲ್ಲ. ರಾಜಸ್ಥಾನದಲ್ಲಿ 2016ರಲ್ಲಿ ಬಿಜೆಪಿ ಸರ್ಕಾರದ ಅನ್ನಪೂರ್ಣಾ ರಸೋಯಿ, 2020ರಲ್ಲಿ ಕಾಂಗ್ರೆಸ್ಸಿನ ಇಂದಿರಾ ರಸೋಯಿ, 2024ರಲ್ಲಿ ಮತ್ತೆ ಶ್ರೀ ಅನ್ನಪೂರ್ಣಾ ರಸೋಯಿ. ಬೋರ್ಡು ಬರೆಯುವವನಿಗೆ ಒಳ್ಳೆಯ ಸಂಪಾದನೆ ಎನಿಸಬಹುದು, ಆದರೆ ಇಲ್ಲಿ ಒಂದು ವಿಷಯ ಒಪ್ಪಬೇಕು: ಕೊನೆಯ ಸಲ ಹೆಸರು ಬದಲಾದಾಗ 8 ರೂಪಾಯಿಯ ಬೆಲೆ ಹಾಗೇ ಉಳಿದು ತಟ್ಟೆಯ ತೂಕ 450 ಗ್ರಾಮಿನಿಂದ 600ಕ್ಕೆ ಏರಿತು. 250 ಗ್ರಾಂ ಇದ್ದ ಚಪಾತಿ 300 ಆಯಿತು, ಜೊತೆಗೆ 100 ಗ್ರಾಂ ಅನ್ನವೋ ಸಿರಿಧಾನ್ಯವೋ ಖಿಚಡಿಯೋ ಸೇರಿತು. ಹೆಸರು ಬದಲಿಸುವ ಚಪಲ ಇದ್ದೇ ಇರುವುದಾದರೆ ದಕ್ಷಿಣೆಯಾಗಿ 150 ಗ್ರಾಂ ಕೊಡಲಿ, ತಿನ್ನುವವರ ತಕರಾರಿಲ್ಲ.

ಎಲ್ಲಕ್ಕೂ ಮೂಲ ಮಾದರಿ ತಮಿಳುನಾಡಿನದು. 2013ರ ಫೆಬ್ರವರಿಯಲ್ಲಿ ಜಯಲಲಿತಾ ಚೆನ್ನೈನಲ್ಲಿ ಶುರುಮಾಡಿದ 'ಅಮ್ಮಾ ಉಣವಗಂ'. ಇಡ್ಲಿ 1 ರೂಪಾಯಿ, ಪೊಂಗಲ್ 5, ಸಾಂಬಾರನ್ನ 5, ಮೊಸರನ್ನ 3. ನಮ್ಮದಕ್ಕೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಬೆಲೆಯದಲ್ಲ, ಒಲೆಯದು. ಅಲ್ಲಿ ಸ್ವಸಹಾಯ ಗುಂಪಿನ ಹೆಂಗಸರು ಆಯಾ ಜಾಗದಲ್ಲೇ ಬೇಯಿಸುತ್ತಾರೆ. ಒಲೆಯಿಂದ ತಟ್ಟೆಗೆ ಹತ್ತು ಹೆಜ್ಜೆ. ಜನ ಹೆಚ್ಚು ಬಂದರೆ ಇನ್ನೊಂದು ಈಡು ಇಡ್ಲಿ ಇಡುತ್ತಾರೆ, ಮಳೆ ಬಂದು ಜನ ಕಡಿಮೆಯಾದರೆ ಹಿಟ್ಟು ಉಳಿಯುತ್ತದೆ, ಅನ್ನ ಹಳಸುವುದಿಲ್ಲ. ಬಡಿಸುವಾಕೆಯೇ ಅಡುಗೆ ಮಾಡಿದವಳಾದ್ದರಿಂದ 'ಚೆನ್ನಾಗಿಲ್ಲಮ್ಮ' ಎಂಬ ದೂರು ನೇರವಾಗಿ ಒಲೆಗೇ ತಲುಪುತ್ತದೆ. ಒಂದೇ ರುಚಿ, ಒಂದೇ ಶುಚಿ ಕಾಯುವುದು ಅಲ್ಲಿ ಕಷ್ಟ. ದೊಡ್ಡ ಅಡುಗೆಮನೆಗೆ ಇರುವ ಲಾಭ ಅದೊಂದೇ. ಆಯ್ಕೆ ಕೊಟ್ಟರೆ ನಾವು ಆ ಹತ್ತು ಹೆಜ್ಜೆಯ ಕಡೆಗೇ ವೋಟು ಹಾಕುತ್ತೇವೆ. 2021ರ ಮೇಯಲ್ಲಿ ಡಿಎಂಕೆ ಗೆದ್ದ ಹೊಸದರಲ್ಲಿ ಆ ಪಕ್ಷದ ಇಬ್ಬರು ಚೆನ್ನೈನ ಮೊಗಪ್ಪೇರಿನ ಒಂದು ಅಮ್ಮಾ ಕ್ಯಾಂಟೀನಿಗೆ ನುಗ್ಗಿ ಬೋರ್ಡು ಕಿತ್ತರು. ಸ್ಟಾಲಿನ್ ಬೋರ್ಡನ್ನು ಮತ್ತೆ ಹಾಕಿಸಿ ಆ ಇಬ್ಬರನ್ನೂ ಪಕ್ಷದಿಂದ ತೆಗೆದರು. ಎದುರಾಳಿಯ ಹೆಸರೂ ಚಿತ್ರವೂ ಇರುವ ಒಲೆಯನ್ನು ಉರಿಯಲು ಬಿಡುವುದು ನಮ್ಮ ರಾಜಕಾರಣದಲ್ಲಿ ಅಪರೂಪದ ದೊಡ್ಡತನ.

ದಿಲ್ಲಿಯ ಮಟ್ಟದಲ್ಲಿ ಈ ಮಾತು ಬೇರೆ ದಾರಿ ಹಿಡಿಯಿತು. 2022ರ ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಉತ್ತರ ಪ್ರದೇಶದ ಹೆದ್ದಾರಿ ಉದ್ಘಾಟನೆಯಲ್ಲಿ, ವೋಟಿಗಾಗಿ ಪುಕ್ಕಟೆ ಕೊಡುವುದನ್ನು ಮಿಠಾಯಿ ಹಂಚುವುದಕ್ಕೆ ಹೋಲಿಸಿ, 'ರೇವಡಿ' (ಎಳ್ಳಿನ ಮಿಠಾಯಿ) ಹಂಚುವ ಸಂಸ್ಕೃತಿ ಎಂಬ ಮಾತು ಆಡಿದರು. ನಮ್ಮಲ್ಲಿ ಅದಕ್ಕೆ 'ಬಿಟ್ಟಿ' ಎಂಬ ಪದ ಸಿದ್ಧವಾಗಿಯೇ ಇತ್ತು. ಚುನಾವಣೆಯ ಭರವಸೆಗಳ ಬಗ್ಗೆ ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಕೈಯಿಂದ 10 ರೂಪಾಯಿ ಕೊಟ್ಟು ಸಾಲಿನಲ್ಲಿ ನಿಂತು 600 ಕಿಲೊಕ್ಯಾಲರಿ ತಿಂದವನನ್ನೂ ಆ ಒಂದು ಪದದೊಳಗೆ ತುರುಕುವುದು ಭಾಷೆಯ ಕ್ರೌರ್ಯ. ಇತ್ತ ದೇಶಾದ್ಯಂತ ಸಮುದಾಯ ಅಡುಗೆಮನೆ ಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ನವೆಂಬರಿನಲ್ಲಿ ಕೋರ್ಟು ಕೇಂದ್ರಕ್ಕೆ ಮಾದರಿ ಯೋಜನೆ ರೂಪಿಸಲು ಮೂರು ವಾರ ಕೊಟ್ಟಿತು. 2024ರ ಫೆಬ್ರವರಿಯಲ್ಲಿ, ಆಹಾರ ಭದ್ರತಾ ಕಾಯ್ದೆ ಜಾರಿಯಲ್ಲಿದೆ, ಉಳಿದದ್ದನ್ನು ಸರ್ಕಾರಗಳು ಯೋಚಿಸಲಿ ಎಂದು ಅರ್ಜಿ ಮುಗಿಸಿತು. 2013ರ ಆ ಕಾಯ್ದೆ ತಿಂಗಳಿಗೆ ತಲೆಗೆ ಐದು ಕಿಲೊ ಧಾನ್ಯ ಕೊಡುತ್ತದೆ ನಿಜ. ಫುಟ್‌ಪಾತಿನಲ್ಲಿ ಮಲಗುವವನಿಗೆ ಅಕ್ಕಿ ಸಿಕ್ಕರೂ ಪಾತ್ರೆ, ಗ್ಯಾಸು, ಸೂರು ಸಿಗುವುದಿಲ್ಲ. ಬೆಂದ ಅನ್ನಕ್ಕೂ ಅಕ್ಕಿಗೂ ಇರುವ ದೂರ ಅಷ್ಟು.

ಹೋಗುವವರಿಗೆ ಕೆಲವು ಸಂಗತಿ. ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು, ಒಂದು ಗಂಟೆಯ ಒಳಗೆ ಹೋದರೆ ಅನ್ನ ಬಿಸಿ. ಯಾರಿಗಾದರೂ ಊಟ ಕೊಡಿಸುವ ಮನಸ್ಸಿದ್ದರೆ ಟೋಕನ್ ಕೊಂಡು ಬೀದಿಯಲ್ಲಿ ಹಂಚಬೇಡಿ, ಅದು ಆ ಹೊತ್ತಿಗಷ್ಟೇ ನಡೆಯುತ್ತದೆ. ಅವರ ಜೊತೆಯೇ ಸಾಲಿನಲ್ಲಿ ನಿಂತು ಎರಡು ತೆಗೆದುಕೊಳ್ಳಿ, ಒಂದೇ ಮೇಜಿನಲ್ಲಿ ತಿನ್ನಿ. ಹುಟ್ಟುಹಬ್ಬಕ್ಕೆ ಬಂದು ತಿನ್ನುವವರ ಫೋಟೊ ತೆಗೆದು ಹಾಕುವ ಅಭ್ಯಾಸ ಬಿಡಿ. ನೀರಿನ ಬಾಟಲಿ ಜೊತೆಗಿರಲಿ. ಸಂಚಾರಿ ವಾಹನದ ಕ್ಯಾಂಟೀನಿಗೆ ಹೋಗುವುದಾದರೆ ಅದು ನಿಲ್ಲುವ ಜಾಗವನ್ನು ಹಿಂದಿನ ದಿನವೇ ಆಟೋ ಸ್ಟ್ಯಾಂಡಿನಲ್ಲಿ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿರುವುದರಿಂದ, ನಿಮ್ಮ ಕ್ಯಾಂಟೀನು ಯಾವ ಪಾಲಿಕೆಗೆ ಸೇರಿತೆಂಬುದು ದೂರು ಕೊಡುವಾಗ ಗೊತ್ತಿರಬೇಕು. 'ಊಟ ಚೆನ್ನಾಗಿಲ್ಲ' ಎಂದಷ್ಟೇ ಬರೆಸಿದರೆ ಆ ದೂರು ಸಂಜೆಯೊಳಗೆ ಮುಚ್ಚಿಹೋಗುತ್ತದೆ. 'ಮಧ್ಯಾಹ್ನ 1.10ಕ್ಕೆ ಅನ್ನ ಮುಗಿದಿತ್ತು, ಸಾಲಿನಲ್ಲಿ ಇನ್ನೂ 20 ಜನ ಇದ್ದರು, ಕೊನೆಯ ಟೋಕನ್ ಸಂಖ್ಯೆ ಇಷ್ಟು' ಎಂದು ಬರೆಸಿ. ಆಗ ಯಾರಾದರೂ ಎದ್ದು ಅಡುಗೆಮನೆಯ ಮೂಟೆ ಲೆಕ್ಕ ತೆಗೆಯಲೇಬೇಕಾಗುತ್ತದೆ.